ಜರಡಿಯಲ್ಲಿ ಸಿಕ್ಕ ಭಾರತ: ಅಶೋಕ್ ಸಾಹ್ನಿ ಮತ್ತು ವಾರಸುದಾರರಿಲ್ಲದ ನಮ್ಮ ಪಳೆಯುಳಿಕೆಗಳು

ಸೇಡಂನಿಂದ ಹೈದರಾಬಾದಿಗೆ ಹೋಗುವ ರೈಲು ತಾಂಡೂರು ದಾಟಿ ವಿಕಾರಾಬಾದ್ ಕಡೆ ಹೊರಳುತ್ತದೆ. ಇಂಜಿನಿಯರಿಂಗ್ ಮುಗಿದ ಮೇಲೆ ಕೆಲಸ ಹುಡುಕಿಕೊಂಡು ಆ ಹಾದಿಯಲ್ಲಿ ನಾನು ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಕಿಟಕಿಯಾಚೆ ತೊಗರಿ ಹೊಲ, ಕಪ್ಪು ಕಲ್ಲು, ಕೆಂಪು ಮಣ್ಣು, ಮಧ್ಯೆ ಮಧ್ಯೆ ಗುಡ್ಡ. ನೋಡುವಂಥದ್ದು ಏನೂ ಇಲ್ಲ ಅಂದುಕೊಂಡು ಮೊಬೈಲ್ ನೋಡ್ತಾ ಕೂರುತ್ತಿದ್ದೆ.

ಪತ್ರಕರ್ತನಾದ ಮೇಲೆ ಗೊತ್ತಾಗಿದ್ದು ಬೇರೆ. ವಿಕಾರಾಬಾದ್ ಸಮೀಪ ನಸ್ಕಲ್ ಅನ್ನೋ ಊರಿದೆ. 1988ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಪ್ರಬಂಧ ಈ ಊರಿನ ಮಣ್ಣಿನ ಬಗ್ಗೆಯೇ ಇತ್ತು. ಡೈನೋಸಾರ್‌ಗಳ ಕಾಲದಲ್ಲಿ, ಅಂದರೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಇಲ್ಲಿ ಇಲಿಯಷ್ಟು ದೊಡ್ಡ ಸಸ್ತನಿಯೊಂದು ಬದುಕಿತ್ತು ಅಂತ ಅದು ಹೇಳಿತು. ಕ್ರಿಟೇಷಿಯಸ್ ಯುಗದ ಸಸ್ತನಿ ಭಾರತದಲ್ಲಿ ಸಿಕ್ಕಿದ್ದು ಅದೇ ಮೊದಲು. ಪುರಾವೆ ಏನು? ಬೆರಳ ತುದಿಯಲ್ಲಿ ಕೂರುವಂಥ ಹಲ್ಲುಗಳು. ಪ್ರಾಣಿಗೆ ಇಟ್ಟ ಹೆಸರು ಡೆಕ್ಕನೊಲೆಸ್ಟೆಸ್ ಹಿಸ್ಲೋಪಿ. ಬರೆದವರು ಇಬ್ಬರು: ಗುಂಟುಪಲ್ಲಿ ವಿ.ಆರ್. ಪ್ರಸಾದ್ ಮತ್ತು ಅವರ ಗುರು ಅಶೋಕ್ ಸಾಹ್ನಿ.

ಈ ಲೇಖನ ಆ ಗುರುವಿನ ಬಗ್ಗೆ. ಅವರ ವೃತ್ತಿಬದುಕನ್ನು ನೆಪ ಮಾಡಿಕೊಂಡು, ನಮ್ಮ ನೆಲದ ಅತಿ ಹಳೆಯ ದಾಖಲೆಗಳನ್ನು ಈ ದೇಶ ಹೇಗೆ ನೋಡಿಕೊಳ್ಳುತ್ತಿದೆ ಅನ್ನೋದರ ಬಗ್ಗೆಯೂ ಹೌದು.

ಯಾರು ಈ ಸಾಹ್ನಿ?

ಸಾಹ್ನಿ ಅಂದ ಕೂಡಲೇ ಓದಿದವರಿಗೆ ನೆನಪಾಗೋದು ಬೀರಬಲ್ ಸಾಹ್ನಿ. ಸಸ್ಯಗಳ ಪಳೆಯುಳಿಕೆ ಅಧ್ಯಯನಕ್ಕೆ ಲಕ್ನೋದಲ್ಲಿ ಸಂಸ್ಥೆ ಕಟ್ಟಿದವರು. 1949ರ ಏಪ್ರಿಲ್ 3ರಂದು ನೆಹರೂ ಆ ಸಂಸ್ಥೆಗೆ ಅಡಿಗಲ್ಲು ಇಟ್ಟರು. ಒಂದೇ ವಾರದಲ್ಲಿ, ಏಪ್ರಿಲ್ 10ರಂದು, ಬೀರಬಲ್ ತೀರಿಕೊಂಡರು. ಅವರ ತಮ್ಮ ಮುಲ್ಕ್ ರಾಜ್ ಸಾಹ್ನಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ (ಜಿಎಸ್‌ಐ) ಪಳೆಯುಳಿಕೆ ತಜ್ಞರು. ಅಶೋಕ್ ಸಾಹ್ನಿ ಈ ಮುಲ್ಕ್ ರಾಜ್ ಅವರ ಮಗ. ತಾತ ರುಚಿ ರಾಮ್ ಸಾಹ್ನಿ ಲಾಹೋರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು.

ಅಂದರೆ ಹುಟ್ಟಿನಿಂದಲೇ ದೊಡ್ಡ ಅನುಕೂಲ ಇತ್ತು. ಇದನ್ನು ಮೊದಲೇ ಹೇಳಿಬಿಡೋದು ಒಳ್ಳೇದು. ನಮ್ಮ ದೇಶದ ವಿಜ್ಞಾನದಲ್ಲಿ ಯಾರ ಮನೆಯಲ್ಲಿ ಪುಸ್ತಕವಿತ್ತು, ಯಾರ ಮನೆಯಲ್ಲಿ ಇರಲಿಲ್ಲ ಅನ್ನೋ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಪ್ರತಿಭೆಯ ಕಥೆ ಹೇಳಲಾಗದು. ಆದರೆ ಮನೆತನದ ಹೆಸರಿನ ಮೇಲೆ ಕೂತು ಉಣ್ಣಬಹುದಾಗಿದ್ದ ಮನುಷ್ಯ ಐವತ್ತು ವರ್ಷ ಮಣ್ಣು ತೊಳೆದರು ಅನ್ನೋದೂ ಅಷ್ಟೇ ನಿಜ.

ಲಕ್ನೋದಲ್ಲಿ ಓದಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ಪಿಎಚ್‌ಡಿ ಮುಗಿಸಿದರು. ವಿಷಯ: ಮೊಂಟಾನ ರಾಜ್ಯದ ಜುಡಿತ್ ರಿವರ್ ಅನ್ನೋ ಶಿಲಾಪದರದಲ್ಲಿ ಸಿಕ್ಕ ಬೆನ್ನುಮೂಳೆಯ ಪ್ರಾಣಿಗಳು. 1972ರಲ್ಲಿ ಅದು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಬುಲೆಟಿನ್‌ನಲ್ಲಿ ಪ್ರಕಟವಾಯಿತು. ಅಲ್ಲೇ ಉಳಿಯಬಹುದಿತ್ತು. ವಾಪಸ್ ಬಂದು ಮೊದಲು ಲಕ್ನೋ ವಿಶ್ವವಿದ್ಯಾಲಯ, ಆಮೇಲೆ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ನಡುವೆ ಜರ್ಮನಿಯ ಬಾನ್‌ನಲ್ಲಿ ಹಲ್ಲಿನ ಎನಾಮೆಲ್‌ನ ಸೂಕ್ಷ್ಮ ರಚನೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ ಮಾಡಿದರು.

ಅವರು ತಂದದ್ದು ಎಲುಬಲ್ಲ, ಜರಡಿ

ಪಳೆಯುಳಿಕೆ ವಿಜ್ಞಾನಿ ಅಂದರೆ ನಮ್ಮ ತಲೆಯಲ್ಲಿರೋ ಚಿತ್ರ ಸಿನಿಮಾದ್ದು: ಮರುಭೂಮಿ, ಬ್ರಷ್, ಬಸ್ಸಿನಷ್ಟು ದೊಡ್ಡ ಎಲುಬು. ಸಾಹ್ನಿ ಅಮೆರಿಕದಲ್ಲಿ ಕಲಿತದ್ದು ಇದಕ್ಕೆ ಉಲ್ಟಾ ವಿಧಾನ. ಮಣ್ಣನ್ನು ಮೂಟೆಗಟ್ಟಲೆ ಹೊತ್ತು ತರಬೇಕು. ಬಿಸಿಲಲ್ಲಿ ಒಣಗಿಸಬೇಕು. ನೀರಲ್ಲಿ ನೆನೆಸಿ ಕರಗಿಸಬೇಕು. ಸಣ್ಣ ಕಣ್ಣಿನ ಜರಡಿಯಲ್ಲಿ ಹಾಕಿ ನೀರಿನೊಳಗೇ ಆಡಿಸಬೇಕು. ಉಳಿದ ಗಸಿಯನ್ನು ಮತ್ತೆ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಕಾಳು ಕಾಳಾಗಿ ಹೆಕ್ಕಬೇಕು. ನಮ್ಮ ಅಜ್ಜಿಯಂದಿರು ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ. ಟನ್‌ಗಟ್ಟಲೆ ಮಣ್ಣಿಗೆ ಒಂದು ಹಿಡಿ ಹಲ್ಲು, ಮೀನಿನ ಕಿವಿಗಲ್ಲು, ಕಪ್ಪೆಯ ಎಲುಬು ಸಿಕ್ಕರೆ ಅದೃಷ್ಟ.

ನಾನು ಓದಿದ್ದು ಸಿವಿಲ್. ಲ್ಯಾಬ್‌ನಲ್ಲಿ ಮರಳನ್ನು ಜರಡಿಗಳ ಸಾಲಿಗೆ ಹಾಕಿ ಅಲ್ಲಾಡಿಸಿ, ಯಾವುದರಲ್ಲಿ ಎಷ್ಟು ಗ್ರಾಂ ಉಳಿಯಿತು ಅಂತ ಬರೆದು ಸಹಿ ಹಾಕಿಸಿಕೊಂಡಿದ್ದೇ ಹಾಕಿಸಿಕೊಂಡಿದ್ದು. ಅದೇ ಜರಡಿಯಿಂದ ಒಂದು ಖಂಡದ ಚರಿತ್ರೆ ಹೊರಬರಬಹುದು ಅಂತ ಯಾರೂ ಹೇಳಿರಲಿಲ್ಲ.

ದೊಡ್ಡ ಎಲುಬು ಒಂದು ಪ್ರಾಣಿಯ ಬಗ್ಗೆ ಹೇಳುತ್ತದೆ. ಜರಡಿಯ ಗಸಿ ಇಡೀ ಪರಿಸರದ ಬಗ್ಗೆ ಹೇಳುತ್ತದೆ. ಕೆರೆ ಇತ್ತಾ, ಉಪ್ಪುನೀರು ಬರುತ್ತಿತ್ತಾ, ಯಾವ ಮೀನು, ಯಾವ ಮೊಸಳೆ, ಯಾವ ಗಿಡ, ಯಾರು ಯಾರನ್ನು ತಿನ್ನುತ್ತಿದ್ದರು? ಕಾಣೆಯಾದ ಒಂದು ಲೋಕದ ಜನಗಣತಿ ಇದು. ಸಾಹ್ನಿ ಮತ್ತು ಅವರ ಶಿಷ್ಯರು ಐದು ದಶಕ ಮಾಡಿದ್ದು ಈ ಗಣತಿಯನ್ನೇ.

ಲಾವಾದ ನಡುವಿನ ಕೆರೆಗಳು

ನಸ್ಕಲ್‌ನ ಹಲ್ಲು ಯಾಕೆ ಮುಖ್ಯ ಅಂತ ತಿಳಿಯಬೇಕಾದರೆ ನಮ್ಮ ಕಾಲ ಕೆಳಗಿನ ಕಲ್ಲು ಗೊತ್ತಿರಬೇಕು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಎರೆಭೂಮಿಯ ಬಹುಪಾಲು ಹುಟ್ಟಿದ್ದು ದಖ್ಖನ್‌ನ ಲಾವಾ ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಪದರ ಪದರವಾಗಿ ಲಾವಾ ಹರಿಯಿತು. ಇವತ್ತಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಒಂದು ಸಲ ಹರಿದು, ತಣ್ಣಗಾಗಿ, ಮುಂದಿನ ಸಲ ಹರಿಯುವ ಮೊದಲು ಸಾವಿರಾರು ವರ್ಷಗಳ ಬಿಡುವು ಸಿಗುತ್ತಿತ್ತು. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ಕೆರೆ ನಿಂತವು, ಗಿಡ ಬೆಳೆದವು, ಪ್ರಾಣಿ ಬಂದವು. ಮುಂದಿನ ಲಾವಾ ಅದನ್ನೆಲ್ಲ ಮುಚ್ಚಿ ಹಾಕಿತು. ಎರಡು ಕಪ್ಪು ಕಲ್ಲಿನ ನಡುವೆ ಸಿಕ್ಕಿಬಿದ್ದ ಈ ತೆಳು ಪದರಗಳನ್ನು ಭೂವಿಜ್ಞಾನಿಗಳು 'ಇಂಟರ್‌ಟ್ರಾಪಿಯನ್' ಅಂತಾರೆ. ನಸ್ಕಲ್‌ನ ಮಣ್ಣು ಇಂಥದ್ದೇ.

ಈಗ ಒಗಟಿಗೆ ಬರೋಣ. ಭಾರತ ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್‌ನಿಂದ ಕಳಚಿಕೊಂಡು ಉತ್ತರಕ್ಕೆ ತೇಲಿತು. ಏಷ್ಯಾಕ್ಕೆ ಗುದ್ದಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ನಡುವಿನ ಅಷ್ಟೂ ಕಾಲ ಸುತ್ತ ಸಮುದ್ರ. ಹಾಗಿದ್ದರೆ ಇಲ್ಲಿನ ಜೀವಿಗಳು ಇವತ್ತಿನ ಆಸ್ಟ್ರೇಲಿಯಾದ ಹಾಗೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದಂಥವು ಆಗಿರಬೇಕಿತ್ತು, ಅಲ್ವಾ?

ಜರಡಿಯಲ್ಲಿ ಸಿಕ್ಕಿದ್ದು ಹಾಗಿರಲಿಲ್ಲ. ಡೆಕ್ಕನೊಲೆಸ್ಟೆಸ್‌ನ ನಂಟು ಉತ್ತರದ ಖಂಡಗಳ ಸಸ್ತನಿಗಳ ಕಡೆ ಕೈ ತೋರಿಸಿತು. ನಸ್ಕಲ್‌ನಲ್ಲೇ ಸಿಕ್ಕ ಇನ್ನೊಂದು ಹಲ್ಲು ದಕ್ಷಿಣಕ್ಕೆ ಕೈ ತೋರಿಸಿತು. 1997ರಲ್ಲಿ ಸಾಹ್ನಿ, ಪ್ರಸಾದ್ ಮತ್ತು ವಿದೇಶಿ ಸಹೋದ್ಯೋಗಿಗಳು ಅದನ್ನು ಗೊಂಡ್ವಾನಥೀರ್ ಅನ್ನೋ ಗುಂಪಿನದು ಅಂತ ಗುರುತಿಸಿದರು. ಇದೇ ಗುಂಪಿನವು ಮಡಗಾಸ್ಕರ್‌ನಲ್ಲೂ ಅರ್ಜೆಂಟೀನದಲ್ಲೂ ಸಿಕ್ಕಿದ್ದವು. ಒಂಟಿ ದ್ವೀಪ ಅಂದುಕೊಂಡಿದ್ದ ನೆಲಕ್ಕೆ ಎರಡೂ ಕಡೆಯ ನೆಂಟರಿದ್ದರು.

2007ರಲ್ಲಿ ಈ ಕಥೆಗೆ ಕರ್ನಾಟಕ ಸೇರಿಕೊಂಡಿತು. ಅದೇ ಬಗೆಯ ಹಲ್ಲುಗಳು ಬೆಳಗಾವಿ ಜಿಲ್ಲೆಯ ಗೋಕಾಕದ ಇಂಟರ್‌ಟ್ರಾಪಿಯನ್ ಪದರದಲ್ಲೂ ಸಿಕ್ಕವು. ಒಂದೇ ವರ್ಷ ಎರಡು ತಂಡ, ಒಂದಕ್ಕೊಂದು ಗೊತ್ತಿಲ್ಲದೆ, ಒಂದೇ ಪ್ರಾಣಿಗೆ ಎರಡು ಹೆಸರಿಟ್ಟವು. ಪ್ರಸಾದ್ ತಂಡ ಇಟ್ಟದ್ದು ಭರತಥೀರಿಯಮ್. ಗೋಕಾಕದ ಹಲ್ಲುಗಳನ್ನು ನೋಡಿದ ತಂಡ ಇಟ್ಟದ್ದು ದಕ್ಷಿಣ. ಮೊದಲು ಅಚ್ಚಾದ ಹೆಸರೇ ನಿಲ್ಲಬೇಕು ಅನ್ನೋದು ನಿಯಮ. ಹಾಗಾಗಿ ಭರತಥೀರಿಯಮ್ ಉಳಿಯಿತು. ಗೋಕಾಕ ಅಂದರೆ ಫಾಲ್ಸು, ಕರದಂಟು ಅಂತಷ್ಟೇ ಗೊತ್ತಿದ್ದ ನನಗೆ ಇದನ್ನು ಓದಿದ ದಿನ ನಿಜಕ್ಕೂ ಖುಷಿಯಾಯ್ತು.

ಲದ್ದಿಯೊಳಗಿನ ಹುಲ್ಲು

ಸಾಹ್ನಿಯವರ ಹೆಸರು ಜಗತ್ತಿನ ಸುದ್ದಿಯಾದದ್ದು ಎಲುಬಿನಿಂದಲ್ಲ, ಲದ್ದಿಯಿಂದ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಪಿಸ್ದುರಾದಲ್ಲಿ ಕಲ್ಲಾದ ಲದ್ದಿ ಬಹಳ ಸಿಗುತ್ತದೆ. ಅದರಲ್ಲಿ ಕೆಲವು ಟೈಟನೊಸಾರ್ ಅನ್ನೋ ಉದ್ದ ಕತ್ತಿನ ಸಸ್ಯಾಹಾರಿ ಡೈನೋಸಾರ್‌ಗಳದ್ದು ಅಂತ ನಂಬಲಾಗಿದೆ. ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಜೊತೆಗಾರರು ಈ ಲದ್ದಿಯನ್ನು ಕರಗಿಸಿ ನೋಡಿದರು. ಒಳಗೆ ಸಿಕ್ಕಿದ್ದು ಫೈಟೊಲಿತ್, ಅಂದರೆ ಗಿಡಗಳು ತಮ್ಮ ಜೀವಕೋಶಗಳಲ್ಲಿ ಕಟ್ಟಿಕೊಳ್ಳುವ ಸಿಲಿಕಾ ಹರಳು. ಗಿಡ ಕೊಳೆತರೂ ಅದು ಉಳಿಯುತ್ತದೆ. ಯಾವ ಗಿಡದ್ದು ಅಂತ ಆಕಾರ ನೋಡಿ ಹೇಳಬಹುದು.

ಅವು ಹುಲ್ಲಿನವು. ಕನಿಷ್ಠ ಐದು ಬಗೆಯ ಹುಲ್ಲು.

2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಬಂದಾಗ ಪಠ್ಯಪುಸ್ತಕದ ಒಂದು ಸಾಲು ತಿದ್ದಬೇಕಾಯಿತು. ಹುಲ್ಲು ಇಷ್ಟೆಲ್ಲ ಬಗೆಯಾಗಿ ಕವಲೊಡೆದದ್ದು ಡೈನೋಸಾರ್‌ಗಳು ಅಳಿದ ಮೇಲೆ ಅಂತ ಅಲ್ಲಿಯವರೆಗಿನ ನಂಬಿಕೆ. 2011ರಲ್ಲಿ ಇದೇ ಲದ್ದಿಯ ಮುಂದುವರಿದ ಅಧ್ಯಯನ, ಭತ್ತದ ಬಳಗಕ್ಕೆ ಸೇರಿದ ಹುಲ್ಲು ಕೂಡ ಆಗಲೇ ಇತ್ತು ಅಂತ ವಾದಿಸಿತು. ನಸ್ಕಲ್, ಗೋಕಾಕದ ಗೊಂಡ್ವಾನಥೀರ್‌ಗಳ ಹಲ್ಲು ಎತ್ತರವಾಗಿ, ಸವೆತ ತಾಳುವ ಹಾಗೆ ಇರುವುದಕ್ಕೂ ಹುಲ್ಲಿಗೂ ಸಂಬಂಧ ಇರಬಹುದು ಅನ್ನೋ ಸುಳಿವೂ 2005ರ ಪ್ರಬಂಧದಲ್ಲಿತ್ತು. ಲದ್ದಿ ಒಂದೂರಿನದು, ಹಲ್ಲು ಇನ್ನೊಂದೂರಿನದು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಊಟದ ತಟ್ಟೆಯೂ ಕಾಣುತ್ತದೆ, ಉಂಡವರೂ ಕಾಣುತ್ತಾರೆ. ಪ್ರಾಚೀನ ಪರಿಸರವನ್ನು ಕಟ್ಟಿಕೊಳ್ಳೋದು ಅಂದರೆ ಇದೇ.

ಮೊಟ್ಟೆಗಳು, ಮತ್ತು ಕಳೆದುಹೋಗಿದ್ದ ಎಲುಬು

ಭಾರತದಲ್ಲಿ ಮೊದಲ ಡೈನೋಸಾರ್ ಎಲುಬು ಸಿಕ್ಕಿದ್ದು 1828ರಲ್ಲಿ, ಜಬಲ್ಪುರದಲ್ಲಿ. ಎತ್ತಿಕೊಂಡವನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ವಿಲಿಯಂ ಸ್ಲೀಮನ್, ಆಮೇಲೆ ಥಗ್ಗರನ್ನು ಹಿಡಿದ ಅಧಿಕಾರಿ ಅಂತ ಹೆಸರಾದವನು. ಆಗ 'ಡೈನೋಸಾರ್' ಅನ್ನೋ ಪದವೇ ಹುಟ್ಟಿರಲಿಲ್ಲ. ರಿಚರ್ಡ್ ಓವನ್ ಅದನ್ನು ಬಳಕೆಗೆ ತಂದದ್ದು 1842ರಲ್ಲಿ. ಜಬಲ್ಪುರದ ಎಲುಬಿಗೆ 1877ರಲ್ಲಿ ರಿಚರ್ಡ್ ಲೈಡೆಕ್ಕರ್ ಟೈಟನೊಸಾರಸ್ ಇಂಡಿಕಸ್ ಅಂತ ಹೆಸರಿಟ್ಟ.

ಆ ಎಲುಬು ಆಮೇಲೆ ಏನಾಯ್ತು? ಕಳೆದುಹೋಯ್ತು. ದಶಕಗಳ ಕಾಲ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. 2012ರಲ್ಲಿ ಕೋಲ್ಕತ್ತದ ಜಿಎಸ್‌ಐ ಸಂಗ್ರಹದಲ್ಲೇ ಅದು ಮತ್ತೆ ಕಣ್ಣಿಗೆ ಬಿತ್ತು. ದೇಶದ ಮೊದಲ ಡೈನೋಸಾರ್ ನಮ್ಮದೇ ಸರ್ಕಾರಿ ಕಟ್ಟಡದೊಳಗೆ ಕಾಣೆಯಾಗಿತ್ತು.

ಅದೇ ಜಬಲ್ಪುರದ ಬಡಾ ಸಿಮ್ಲಾ ಗುಡ್ಡದಲ್ಲಿ 1980ರ ದಶಕದಲ್ಲಿ ಸಾಹ್ನಿ ಮತ್ತು ಸಂಗಡಿಗರು ಡೈನೋಸಾರ್ ಮೊಟ್ಟೆಗಳನ್ನು, ಗೂಡುಗಳನ್ನು ಅಧ್ಯಯನ ಮಾಡಿದರು. ಅದೇ ಹೊತ್ತಿಗೆ ಗುಜರಾತಿನ ಬಾಲಾಸಿನೋರ್ ಕಡೆ ಸಿಮೆಂಟ್ ಕಲ್ಲಿನ ಕ್ವಾರಿಯಲ್ಲಿ ಗುಂಡನೆಯ 'ಕಲ್ಲು'ಗಳು ಸಿಕ್ಕು, ಜಿಎಸ್‌ಐನ ಧನಂಜಯ ಮೊಹಬೆ ಅವು ಮೊಟ್ಟೆ ಅಂತ ವರದಿ ಮಾಡಿದರು. ಬಾಲಾಸಿನೋರ್ ಬಳಿಯ ರೈಯೋಲಿಯಲ್ಲಿ ಜಿಎಸ್‌ಐ ಎತ್ತಿದ ಎಲುಬುಗಳಿಂದಲೇ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಅನ್ನೋ ಮಾಂಸಾಹಾರಿ ಡೈನೋಸಾರ್‌ಗೆ ಹೆಸರು ಬಂತು. ಆ ಪ್ರಬಂಧದ ಲೇಖಕರಲ್ಲಿ ಸಾಹ್ನಿಯೂ ಒಬ್ಬರು.

ಮೊಟ್ಟೆಯ ಕೆಲಸ ಅವರೊಬ್ಬರಲ್ಲೇ ನಿಲ್ಲಲಿಲ್ಲ. ನಸ್ಕಲ್‌ನ ಪ್ರಸಾದ್ ಮುಂದೆ ಜಮ್ಮು, ದೆಹಲಿ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡಿದರು. 2023ರ ಜನವರಿಯಲ್ಲಿ ಅವರ ತಂಡದ ಹರ್ಷಾ ಧಿಮಾನ್ ಮೊದಲ ಲೇಖಕಿಯಾಗಿ ಒಂದು ಪ್ರಬಂಧ ತಂದರು: ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆ. ಗುರು, ಶಿಷ್ಯ, ಶಿಷ್ಯನ ಶಿಷ್ಯೆ. ನಿಜ ಹೇಳಬೇಕಂದ್ರೆ ಸಾಹ್ನಿಯವರ ದೊಡ್ಡ ಸಂಶೋಧನೆ ಇದೇ ಇರಬಹುದು.

ಅದೇ ವರ್ಷದ ಕೊನೆಗೆ ಅದೇ ಧಾರ್ ಜಿಲ್ಲೆಯ ಪಾಡಲ್ಯ ಊರಿನಿಂದ ಇನ್ನೊಂದು ಸುದ್ದಿ ಬಂತು. ಹೊಲ ಉಳುವಾಗ ಸಿಕ್ಕ ಗುಂಡುಕಲ್ಲುಗಳನ್ನು ರೈತರು ಕಾಕಡ್ ಭೈರವ ಅಂತ ಪೂಜಿಸುತ್ತಿದ್ದರು. ಬಂದು ನೋಡಿದ ವಿಜ್ಞಾನಿಗಳು ಅವು ಡೈನೋಸಾರ್ ಮೊಟ್ಟೆ ಅಂದರು. ಸಾಮಾಜಿಕ ಜಾಲತಾಣದಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹೊಲದ ಗಡಿಯಲ್ಲಿ ಇಟ್ಟು ಕುಂಕುಮ ಹಚ್ಚಿದವರು ಆ ಮೊಟ್ಟೆಯನ್ನು ಉಳಿಸಿಕೊಂಡಿದ್ದರು. ಕಳೆದುಹಾಕಿದ್ದು ಅವರಲ್ಲ.

ಕಾಲಿದ್ದ ತಿಮಿಂಗಿಲ, ಮನೆಯಲ್ಲಿದ್ದ ಕಲ್ಲು

ಲಕ್ನೋದಲ್ಲಿದ್ದ ದಿನಗಳಲ್ಲೇ ಸಾಹ್ನಿ ಮತ್ತು ವಿ.ಪಿ. ಮಿಶ್ರ ಗುಜರಾತಿನ ಕಚ್ಛ್‌ಗೆ ಹೋದರು. 1972 ಮತ್ತು 1975ರಲ್ಲಿ ಅವರು ಪ್ರಕಟಿಸಿದ್ದು ಬಹಳ ಹಳೆಯ ತಿಮಿಂಗಿಲಗಳ ಪಳೆಯುಳಿಕೆ, 4 ಕೋಟಿ ವರ್ಷಕ್ಕೂ ಹಿಂದಿನವು. ಕಚ್ಛ್‌ನ ಹರುದಿ ಊರಿನ ಹೆಸರನ್ನೇ ಒಂದು ಪ್ರಭೇದಕ್ಕೆ ಇಟ್ಟರು. ಅದನ್ನು ಈಗ ರೆಮಿಂಗ್ಟನೊಸೀಟಸ್ ಹರುದಿಯೆನ್ಸಿಸ್ ಅಂತಾರೆ. ತಿಮಿಂಗಿಲದ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಲ್ಲಿ ನಡೆದಾಡಿದವರು ಅಂತ ಇವತ್ತು ನಾವು ಖಚಿತವಾಗಿ ಹೇಳೋದಕ್ಕೆ ಬೇಕಾದ ಪುರಾವೆಯ ದೊಡ್ಡ ಪಾಲು ಭಾರತ, ಪಾಕಿಸ್ತಾನದ ನೆಲದ್ದು.

ಆ ಪುರಾವೆಯ ಅತಿಮುಖ್ಯ ಕೊಂಡಿ ಸಿಕ್ಕಿದ್ದು ಹೇಗೆ ಗೊತ್ತಾ? ಎ. ರಂಗ ರಾವ್ ಅನ್ನೋ ಭೂವಿಜ್ಞಾನಿ ಜಮ್ಮು-ಕಾಶ್ಮೀರದ ಕಾಲಾಕೋಟ್ ಪ್ರದೇಶದಿಂದ ಪಳೆಯುಳಿಕೆ ತುಂಬಿದ ಕಲ್ಲುಗಳನ್ನು ತಂದಿದ್ದರು. ಅಲ್ಲಿ ಸಿಕ್ಕ ದವಡೆ, ಹಲ್ಲುಗಳ ಮೇಲೆ 1971ರಲ್ಲಿ ಇಂಡೊಹೈಯಸ್ ಅಂತ ಒಂದು ಪ್ರಾಣಿಗೆ ಹೆಸರಿಟ್ಟರು. ಅವರು ತೀರಿಕೊಂಡ ಮೇಲೆ ಒಡೆಯದೇ ಉಳಿದ ಕಲ್ಲುಗಳು ಡೆಹ್ರಾಡೂನ್‌ನಲ್ಲಿ ಅವರ ಪತ್ನಿಯ ಬಳಿ ಇದ್ದವು. ಅವರು ಜತನವಾಗಿ ಕಾಯ್ದು, ಕೊನೆಗೆ ಅಮೆರಿಕದ ವಿಜ್ಞಾನಿ ಹಾನ್ಸ್ ಥೆವಿಸೆನ್ ಅವರಿಗೆ ಒಪ್ಪಿಸಿದರು. ಕಲ್ಲು ಬಿಡಿಸುವಾಗ ತಲೆಬುರುಡೆಯೊಂದರ ಕಿವಿಯ ಎಲುಬು ಒಡೆಯಿತು. ಒಳಗೆ ಕಂಡ ದಪ್ಪ ಗೋಡೆ ತಿಮಿಂಗಿಲಗಳ ಕಿವಿಯಲ್ಲಿರುವಂಥದ್ದು. ಬೆಕ್ಕಿನಷ್ಟು ಎತ್ತರದ, ಸಣ್ಣ ಜಿಂಕೆಯಂಥ ಪ್ರಾಣಿ ತಿಮಿಂಗಿಲದ ಹತ್ತಿರದ ಸಂಬಂಧಿ ಅಂತ 2007ರಲ್ಲಿ ಜಗತ್ತಿಗೆ ಗೊತ್ತಾಯ್ತು.

ಆ ತಾಯಿ ಕಲ್ಲುಗಳನ್ನು ಹಿತ್ತಲಿಗೆ ಎಸೆದಿದ್ದರೆ? ಕೇಳುವ ಕಾನೂನು ಆಗ ಇರಲಿಲ್ಲ.

ಇನ್ನು ಗಣಿಗಳ ವಿಷಯ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸುಮಾರು 150 ಕೆ.ಜಿ. ಅಂಬರ್ ಸಿಕ್ಕಿತು. ಅಂಬರ್ ಅಂದರೆ ಕಲ್ಲಾದ ಮರದ ಅಂಟು. ಅದರೊಳಗೆ 700ಕ್ಕೂ ಹೆಚ್ಚು ಕೀಟ, ಜೇಡ ಮುಂತಾದ ಸಣ್ಣ ಜೀವಿಗಳು 5 ಕೋಟಿ ವರ್ಷದಿಂದ ಹಾಗೇ ಕೂತಿದ್ದವು. 2010ರ ಆ ಪ್ರಬಂಧದಲ್ಲೂ ಸಾಹ್ನಿ ಇದ್ದರು. ಉತ್ತರ ಮತ್ತೆ ಅದೇ: ಈ ಕೀಟಗಳ ನೆಂಟರು ಯುರೋಪ್, ಏಷ್ಯಾ, ಅಮೆರಿಕಗಳಲ್ಲಿದ್ದಾರೆ, ಒಂಟಿ ದ್ವೀಪದ ಕಥೆ ನಿಲ್ಲೋದಿಲ್ಲ. 2024ರಲ್ಲಿ ಸುದ್ದಿಯಾದ ವಾಸುಕಿ ಇಂಡಿಕಸ್ ಹಾವು ನೆನಪಿರಬಹುದು. 11ರಿಂದ 15 ಮೀಟರ್ ಉದ್ದ ಇದ್ದಿರಬಹುದು ಅಂತ ಅಂದಾಜು. ಅದರ 27 ಬೆನ್ನೆಲುಬು ಸಿಕ್ಕಿದ್ದೂ ಕಚ್ಛ್‌ನ ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ. ಅಧ್ಯಯನ ಮಾಡಿದವರು ಐಐಟಿ ರೂರ್ಕಿಯ ದೇಬಜಿತ್ ದತ್ತ ಮತ್ತು ಸುನಿಲ್ ಬಾಜಪೇಯಿ; ಬಾಜಪೇಯಿ ಕೂಡ ಸಾಹ್ನಿ ಜೊತೆ ಕೆಲಸ ಮಾಡಿ ಬಂದವರು.

ಗಣಿ ಅಗೆಯದಿದ್ದರೆ ಇವು ಸಿಗುತ್ತಿರಲಿಲ್ಲ. ಗಣಿ ಅಗೆಯುವ ಯಂತ್ರಕ್ಕೆ ಕಣ್ಣೂ ಇಲ್ಲ. ವಿಜ್ಞಾನಿ ಅಲ್ಲಿಗೆ ಹೋದ ದಿನ ಸಿಕ್ಕಿದ್ದು ಮಾತ್ರ ನಮ್ಮದು. ಹೋಗದ ದಿನದ್ದು ಪುಡಿಯಾಗಿ ವಿದ್ಯುತ್ ಸ್ಥಾವರಕ್ಕೆ ಹೋಯಿತು. ನಾನು ಬೆಳೆದ ಸೇಡಂನ ಸುತ್ತ ಸಿಮೆಂಟ್ ಕ್ವಾರಿಗಳೇ. ಅಲ್ಲಿನ ಸುಣ್ಣದಕಲ್ಲು ಪ್ರಾಣಿಗಳಿಗೆ ಎಲುಬು ಬರುವುದಕ್ಕೂ ಹಿಂದಿನದು, ಡೈನೋಸಾರ್ ಸಿಗೋ ಮಾತಿಲ್ಲ. ಆದರೆ ಗೋಕಾಕದ ಪದರ ಹಾಗಲ್ಲವಲ್ಲ.

ವಿಳಾಸ ಇಲ್ಲದ ಪಳೆಯುಳಿಕೆ ಬರೀ ಕಲ್ಲು

ಈ ಕ್ಷೇತ್ರದ ಒಂದು ಕಪ್ಪು ಅಧ್ಯಾಯವನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ. ಸಾಹ್ನಿ ಇದ್ದ ಪಂಜಾಬ್ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲೇ ವಿಶ್ವಜಿತ್ ಗುಪ್ತ ಅನ್ನೋ ಇನ್ನೊಬ್ಬ ಪ್ರಾಧ್ಯಾಪಕರಿದ್ದರು. ಹಿಮಾಲಯದ ಪಳೆಯುಳಿಕೆಗಳ ಮೇಲೆ ನೂರಾರು ಪ್ರಬಂಧ ಬರೆದವರು. 1989ರಲ್ಲಿ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 'ನೇಚರ್'ನಲ್ಲಿ ಬಾಂಬ್ ಹಾಕಿದರು: ಗುಪ್ತ ಹಿಮಾಲಯದ್ದು ಅಂದದ್ದರಲ್ಲಿ ಮೊರಾಕೊದಲ್ಲಿ ಸಿಗುವಂಥವಿವೆ, ನ್ಯೂಯಾರ್ಕಿನವಿವೆ. ಮೊರಾಕೊದ ಅಂಥ ಕಲ್ಲುಗಳು ಪ್ಯಾರಿಸ್‌ನ ಅಂಗಡಿಯಲ್ಲಿ ಮಾರಾಟಕ್ಕಿದ್ದವು. ವಿಶ್ವವಿದ್ಯಾಲಯದ ವಿಚಾರಣೆಯೂ ಗುಪ್ತ ತಪ್ಪಿತಸ್ಥ ಅಂದಿತು. ಕೆಲಸ ಮಾತ್ರ ಹೋಗಲಿಲ್ಲ.

ಇಷ್ಟು ವರ್ಷ ಅದು ನಡೆದದ್ದು ಹೇಗೆ? ಪಳೆಯುಳಿಕೆಯ ಬೆಲೆ ಇರೋದು ಅದರ ವಿಳಾಸದಲ್ಲಿ: ಯಾವ ಊರು, ಯಾವ ಪದರ, ನೆಲದಿಂದ ಎಷ್ಟು ಮೇಲೆ, ಈಗ ಯಾವ ಕಪಾಟಿನಲ್ಲಿ ಯಾವ ನಂಬರಿನಲ್ಲಿದೆ. ಅನುಮಾನ ಬಂದವರು ಹೋಗಿ ನೋಡೋಕೆ ಆಗಬೇಕು. ಹಾಗೆ ನೋಡುವ ಸಾರ್ವಜನಿಕ ವ್ಯವಸ್ಥೆ ಗಟ್ಟಿಯಾಗಿದ್ದರೆ ಸುಳ್ಳು ಎರಡನೇ ಪ್ರಬಂಧದಲ್ಲೇ ಸಿಕ್ಕಿಬೀಳುತ್ತಿತ್ತು. ಒಂದೇ ಕಟ್ಟಡದಲ್ಲಿ ಎರಡು ವೃತ್ತಿಬದುಕು. ಒಬ್ಬರು ಮಣ್ಣು ತೊಳೆದು ಎರಡು ಮಿಲಿಮೀಟರ್ ಹಲ್ಲಿಗಾಗಿ ವರ್ಷ ಕಾದರು. ಇನ್ನೊಬ್ಬರ ಬಳಿ ಎಲ್ಲ ಕಡೆಯ ಕಲ್ಲೂ ಇತ್ತು, ವಿಳಾಸ ಮಾತ್ರ ಸುಳ್ಳು.

ಕಾನೂನು ಎಲ್ಲಿದೆ?

ನಮ್ಮಲ್ಲಿ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ, 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ಎರಡರ ಕಣ್ಣೂ ಮುಖ್ಯವಾಗಿ ಮನುಷ್ಯರು ಮಾಡಿದ್ದರ ಮೇಲೆ: ದೇವಸ್ಥಾನ, ಮೂರ್ತಿ, ನಾಣ್ಯ, ಶಾಸನ. ಪಳೆಯುಳಿಕೆಗಳಿಗೇ ಅಂತ ಒಂದು ಕಾಯ್ದೆ ಇಲ್ಲ. ಜಿಎಸ್‌ಐ ಕೆಲವು ಜಾಗಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಲಾಲ್‌ಬಾಗ್‌ನ ಬಂಡೆ, ಉಡುಪಿಯ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿ ಅದರಲ್ಲಿವೆ. ಅದು ಬೋರ್ಡು, ಬೀಗ ಅಲ್ಲ.

2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗಣಿ ಸಚಿವಾಲಯ ಭೂಪರಂಪರೆ ತಾಣಗಳ ರಕ್ಷಣೆಗೆ ಒಂದು ಮಸೂದೆಯ ಕರಡು ಹೊರಡಿಸಿತು. ವರ್ಷಗಳ ಬೇಡಿಕೆ ಅದು. ಆದರೆ ಓದಿದ ವಿಜ್ಞಾನಿಗಳೇ ಬೆಚ್ಚಿದರು. ತಾಣಕ್ಕೆ ನುಗ್ಗುವ, ವಶಪಡಿಸಿಕೊಳ್ಳುವ ಅಧಿಕಾರವೆಲ್ಲ ಒಂದೇ ಇಲಾಖೆಯ ಕೈಗೆ ಹೋದರೆ, ವಿಶ್ವವಿದ್ಯಾಲಯದ ಸಾಮಾನ್ಯ ಸಂಶೋಧಕಿ ಒಂದು ಮೂಟೆ ಮಣ್ಣು ತರೋಕೂ ಯಾರ ಕಾಲು ಹಿಡಿಯಬೇಕು? ಗಣಿಗಾರಿಕೆಗೆ ಅನುಮತಿ ಕೊಡುವ ಸಚಿವಾಲಯವೇ ಗಣಿಯಲ್ಲಿ ಸಿಗೋದನ್ನೂ ಕಾಯುತ್ತದೆ ಅನ್ನೋದನ್ನು ನಂಬೋದು ಹೇಗೆ?

ಕಾನೂನು ಬೇಡ ಅಂತ ನಾನು ಹೇಳ್ತಿಲ್ಲ. ಬೇಕೇಬೇಕು. ಕಾಯುವ ಕೆಲಸಕ್ಕೂ ಹುಡುಕುವ ಸ್ವಾತಂತ್ರ್ಯಕ್ಕೂ ಜಾಗ ಇರುವ ಕಾನೂನು ಬೇಕು. ಅದರ ಜೊತೆಗೆ ಒಂದು ರಾಷ್ಟ್ರೀಯ ಸಂಗ್ರಹಾಲಯ ಬೇಕು. ಪ್ರಾಧ್ಯಾಪಕರು ನಿವೃತ್ತರಾದ ಮೇಲೂ ಅವರ ಡಬ್ಬಿಗಳು ನಂಬರಿನ ಸಮೇತ ಉಳಿಯುವ ಜಾಗ. ಸಾಹ್ನಿ ಮತ್ತು ಅವರ ತಲೆಮಾರು ಬಹಳ ಕಾಲದಿಂದ ಕೇಳುತ್ತಿರೋದು ಇದನ್ನೇ.

ಇದು ರಾಜಕೀಯ ಹೇಗೆ?

2023ರಲ್ಲಿ ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸವಾದವನ್ನು ಕೈಬಿಟ್ಟಿತು. 'ಅನುವಂಶೀಯತೆ ಮತ್ತು ವಿಕಾಸ' ಅಂತಿದ್ದ ಪಾಠ ಬರೀ 'ಅನುವಂಶೀಯತೆ' ಆಯ್ತು. ಪಳೆಯುಳಿಕೆಯ ಭಾಗವೂ ಹೋಯ್ತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪ್ರತಿಭಟಿಸಿದರು. 12ನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಅನ್ನೋದು ಸಮಜಾಯಿಷಿ. 10ರ ನಂತರ ಜೀವಶಾಸ್ತ್ರ ತೆಗೆದುಕೊಳ್ಳುವವರು ಎಷ್ಟು ಮಂದಿ? ಉಳಿದವರಿಗೆ ಜರಡಿಯಲ್ಲಿ ಹಲ್ಲು ಸಿಕ್ಕರೂ ಅದು ಏನು ಅಂತ ತಿಳಿಯೋದಿಲ್ಲ.

ಇನ್ನೊಂದು ಮಾತು. ಈ ನೆಲ ಅನಾದಿಯಿಂದ ಹೀಗೇ ಇತ್ತು, ಹೊರಗಿನವರು ಬಂದು ಕೆಡಿಸಿದರು ಅನ್ನೋ ಮಾತನ್ನು ನಾವು ದಿನಾ ಕೇಳ್ತೇವೆ. ಸುತ್ತ ಸಮುದ್ರವೇ ಇದ್ದಾಗಲೂ ಈ ನೆಲಕ್ಕೆ ಉತ್ತರದ ನೆಂಟರಿದ್ದರು, ದಕ್ಷಿಣದ ನೆಂಟರಿದ್ದರು ಅಂತ ನಸ್ಕಲ್‌ನ ಹಲ್ಲು ಹೇಳುತ್ತದೆ. 6.6 ಕೋಟಿ ವರ್ಷದ ಹಿಂದಿನ ಇಲಿಯ ಹೆಗಲಿಗೆ ಇವತ್ತಿನ ರಾಜಕೀಯ ಹೊರಿಸೋದು ಅತಿಯಾಯ್ತು, ಒಪ್ಪಿದೆ. ಆದರೆ ಕಲ್ಪಿಸಿಕೊಂಡ ಚರಿತ್ರೆಯನ್ನು ಪ್ರಶ್ನಿಸೋಕೆ ನಮ್ಮ ಕೈಯಲ್ಲಿರೋದು ಪುರಾವೆ ಮಾತ್ರ. ಪುರಾವೆ ಉಳಿಯಬೇಕಾದರೆ ಅದನ್ನು ಇಡುವ ಕಪಾಟು ಬೇಕು, ಓದುವ ಪಾಠ ಬೇಕು, ಹುಡುಕುವವರಿಗೆ ಸಂಬಳ ಬೇಕು.

ಕಳೆದ ತಿಂಗಳು ಅದೇ ರೈಲಿನಲ್ಲಿ ಹೋದೆ. ವಿಕಾರಾಬಾದ್ ಹತ್ತಿರ ಬರುವಾಗ ಎದುರಿಗೆ ಕೂತಿದ್ದ ಡಿಪ್ಲೊಮಾ ಓದುವ ಹುಡುಗನಿಗೆ ಕಿಟಕಿಯಾಚೆ ಕೈ ತೋರಿಸಿ ಈ ಕಥೆ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಆ ಹಲ್ಲು ಈಗ ಎಲ್ಲದ? ನೋಡಾಕ ಬಿಡ್ತಾರೇನ್ರಿ?"

ಗೋಕಾಕದ ಹುಡುಗಿಯೊಬ್ಬಳು ನಾಳೆ ಇದೇ ಪ್ರಶ್ನೆ ಕೇಳಿದರೆ, ಊರ ಬಸ್‌ಸ್ಟ್ಯಾಂಡಿನಿಂದ ಹೋಗಿ ನೋಡಿ ಬರುವಷ್ಟು ಹತ್ತಿರದಲ್ಲಿ ಉತ್ತರ ಇರಬೇಕು. ಇವತ್ತು ಇಲ್ಲ.